ಜೇಬಿನ ಬಾಚಣಿಗೆ, ಜೇಬಿನ ಇಮೇಲ್

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ ನನ್ನದು ಕಟಿಂಗ್ ಶಾಪ್. ಗ್ರಾಮ ಪಂಚಾಯಿತಿ ಸದಸ್ಯನೂ ಹೌದು. ಜಡಿಮಳೆ ಹಿಡಿದರೆ ಅಂಗಡಿಯಲ್ಲಿ ಕೆಲಸಕ್ಕಿಂತ ಮಾತೇ ಜಾಸ್ತಿ. ಮೊನ್ನೆ ಜೇಬಿನ ಬಾಚಣಿಗೆಯಿಂದ ಶುರುವಾದದ್ದು ಹಿಲರಿ ಕ್ಲಿಂಟನ್ ಅವರ ಇಮೇಲ್ ಗಲಾಟೆಗೆ ಹೋಗಿ ನಿಂತಿತು. ಒಬ್ಬರು "ಆ ಇಮೇಲನ್ನು ರಷ್ಯಾದವರು ಕದ್ದರು, ಅದೇ ಹಗರಣ" ಅಂದರು. ಇನ್ನೊಬ್ಬರು "ಸ್ವಂತ ಇಮೇಲ್ ಬಳಸಿದರೆ ತಪ್ಪೇನು, ಪಂಚಾಯಿತಿ ಕೆಲಸಕ್ಕೆ ನೀನೂ ನಿನ್ನ ಜಿಮೇಲನ್ನೇ ಬಳಸ್ತೀಯಲ್ಲ" ಅಂದರು. ಅದು ಮನಸ್ಸಿಗೆ ಕೊರೆಯುತ್ತಿದೆ. ಮಾರಲು ಮತ್ತು ಅಂಗಡಿಯಲ್ಲಿ ಬಳಸಲು ಎಂಥ ಬಾಚಣಿಗೆ ಒಳ್ಳೆಯದು, ಮಳೆಗಾಲದಲ್ಲಿ ಅದನ್ನು ತೊಳೆಯುವುದು ಹೇಗೆ? ಆ ಇಮೇಲ್ ವಿಷಯದಲ್ಲಿ ನಿಜವಾಗಿ ನಡೆದದ್ದೇನು? ನಾನು ಮಾಡುತ್ತಿರುವುದೂ ಅದೇ ತಪ್ಪೇ?

ಉತ್ತರ: ಬಾಚಣಿಗೆ ಒಬ್ಬರ ಜೇಬಿನಲ್ಲೇ ಇರಬೇಕಾದ ವಸ್ತು, ಇನ್ನೊಬ್ಬರ ತಲೆಗೆ ಹೋಗಬಾರದು. ಕಚೇರಿಯ ಪತ್ರ ಹಾಗಲ್ಲ, ಅದು ಒಬ್ಬರ ಜೇಬಿನಲ್ಲೇ ಉಳಿದುಬಿಡಬಾರದು. ನಿಮ್ಮ ಅಂಗಡಿಯಲ್ಲಿ ಎರಡು ಮಾತೂ ಒಟ್ಟಿಗೆ ಬಂದದ್ದು ಒಳ್ಳೆಯದೇ ಆಯಿತು. ಬಾಚಣಿಗೆಯಿಂದಲೇ ಶುರುಮಾಡೋಣ.

ಜೇಬಿನ ಬಾಚಣಿಗೆ ಸಾಮಾನ್ಯವಾಗಿ 12-13 ಸೆಂಟಿಮೀಟರ್ ಉದ್ದ ಇರುತ್ತದೆ. ಅರ್ಧಕ್ಕೆ ಬಿಡಿ ಹಲ್ಲು, ಅರ್ಧಕ್ಕೆ ಒತ್ತು ಹಲ್ಲು. ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ಪ್ಲಾಸ್ಟಿಕ್ ಬಾಚಣಿಗೆಗಳು ನೋಡಲು ಒಂದೇ ಥರ ಕಂಡರೂ ಮುಖ್ಯವಾಗಿ ಮೂರು ಬಗೆಯವು. ಪಾಲಿಸ್ಟೈರೀನ್ ಗಾಜಿನಂತೆ ಹೊಳೆಯುತ್ತದೆ. ನೆಲಕ್ಕೆ ಬಿದ್ದರೆ 'ಟಣ್' ಎನ್ನುತ್ತದೆ, ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತದೆ. ನಿಮ್ಮ ಗಿರಾಕಿಗಳು ಹಲ್ಲು ಹೋಯಿತೆಂದು ದೂರುವುದು ಬಹುತೇಕ ಇದರ ಬಗ್ಗೆಯೇ. ಪಾಲಿಪ್ರೊಪಿಲೀನ್ ಮೆತ್ತಗಿದ್ದು, ಬಗ್ಗಿಸಿದ ಜಾಗದಲ್ಲಿ ಬಿಳಿ ಗೆರೆ ಬೀಳುತ್ತದೆಯೇ ಹೊರತು ಬೇಗ ಮುರಿಯುವುದಿಲ್ಲ. ಆದರೆ ದಪ್ಪ ಕೂದಲಿಗೆ ಹಲ್ಲು ಆಚೀಚೆ ವಾಲುತ್ತದೆ. ನೈಲಾನ್ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಕಟಿಂಗ್ ಶಾಪಿಗೆ ಇದೇ ಸರಿ. ಗಾಳಿಯಲ್ಲಿರುವ ತೇವವನ್ನು ಸ್ವಲ್ಪ ಹೀರಿಕೊಂಡು, ಮುರಿಯದೆ ಇನ್ನಷ್ಟು ತಾಳುವ ಗುಣ ನೈಲಾನಿಗಿದೆ. ಹಾಗಾಗಿ ನಮ್ಮ ಮಲೆನಾಡಿನ ಮಳೆಗಾಲ ಅದಕ್ಕೆ ಒಗ್ಗುತ್ತದೆ.

ಚೀಟಿ ಇಲ್ಲದ ಬಾಚಣಿಗೆಯನ್ನು ಗುರುತಿಸಲು ಒಂದು ಲೋಟ ನೀರು ಸಾಕು. ಹಲ್ಲುಗಳ ನಡುವೆ ಗಾಳಿಗುಳ್ಳೆ ನಿಲ್ಲದಂತೆ ಪೂರ್ತಿ ಮುಳುಗಿಸಿ ಕೈಬಿಡಿ. ತೇಲಿ ಬಂದರೆ ಪಾಲಿಪ್ರೊಪಿಲೀನ್, ಅದು ನೀರಿಗಿಂತ ಹಗುರ. ತಳ ಸೇರಿದರೆ ಉಳಿದೆರಡರಲ್ಲಿ ಒಂದು. ಆಗ ಮೆಲ್ಲಗೆ ಬಗ್ಗಿಸಿ ನೋಡಿ. ಬಗ್ಗಿ ವಾಪಸು ಬಂದರೆ ನೈಲಾನ್. ಬಗ್ಗಲು ಒಪ್ಪದೆ ಗಡುಸಾಗಿ ನಿಂತರೆ ಅಲ್ಲಿಗೇ ಬಿಡಿ, ಅದು ಪಾಲಿಸ್ಟೈರೀನ್.

ಹಲ್ಲು ಮುರಿಯುವುದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದ್ದು. ಅಚ್ಚಿನ ಎರಡು ಭಾಗ ಕೂಡುವಲ್ಲಿ ಪ್ರತಿ ಹಲ್ಲಿನ ಮೇಲೂ ಒಂದು ಸಣ್ಣ ಏಣು ಉಳಿಯುತ್ತದೆ. ಕೂದಲಿನ ಮೇಲ್ಪದರ ಮನೆಯ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿದ ಸಣ್ಣ ಹಲ್ಲೆಗಳಿಂದ ಆಗಿದೆ. ಈ ಏಣು ಆ ಹೆಂಚುಗಳನ್ನು ಎಬ್ಬಿಸುತ್ತದೆ. ಹೊಳಪು ಹೋಗುವುದು, ತುದಿ ಸೀಳುವುದು ಅದರಿಂದ. ಕೊಳ್ಳುವಾಗ ಒಂದು ಚಿಟಿಕೆ ಹತ್ತಿಯನ್ನು ಹಲ್ಲುಗಳ ನಡುವೆ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಏಣು ಇದೆ ಎಂದರ್ಥ. ಈಗಾಗಲೇ ತಂದಿಟ್ಟಿದ್ದರೆ ಎಸೆಯಬೇಡಿ. 400 ನಂಬರಿನ ಸ್ಯಾಂಡ್ ಪೇಪರನ್ನು ಮಡಚಿ ಒದ್ದೆ ಮಾಡಿ, ಬಿಡಿ ಹಲ್ಲುಗಳ ಎರಡೂ ಬದಿಗೆ ಬುಡದಿಂದ ತುದಿಗೆ ನಾಲ್ಕೈದು ಸಲ ಎಳೆಯಿರಿ. ಆಮೇಲೆ 800ರಲ್ಲಿ ಅಷ್ಟೇ ಸಲ. ಒತ್ತು ಹಲ್ಲಿನ ನಡುವೆ ಪೇಪರ್ ಹೋಗುವುದಿಲ್ಲ, ಅಲ್ಲಿ ತುದಿಗಳನ್ನಷ್ಟೇ ಉಜ್ಜಿ ಮೊಂಡು ಮಾಡಬಹುದು.

ದುಬಾರಿಯಲ್ಲಿ ಸೆಲ್ಯುಲೋಸ್ ಅಸಿಟೇಟ್ ಬಾಚಣಿಗೆ ಬರುತ್ತದೆ. ಅದರ ಒಳ್ಳೆಯ ಮಾದರಿಗಳಲ್ಲಿ ಹಾಳೆಯಿಂದ ಒಂದೊಂದೇ ಹಲ್ಲನ್ನು ಗರಗಸದಲ್ಲಿ ಕೊಯ್ದು ನಯಗೊಳಿಸಿರುತ್ತಾರೆ, ಏಣು ಇರುವುದೇ ಇಲ್ಲ. ಸ್ವಂತಕ್ಕೆ ಬಹಳ ಒಳ್ಳೆಯದು. ಆದರೆ ಬಿಸಿನೀರಿಗೆ ಸೊಟ್ಟಗಾಗುತ್ತದೆ, ಉಗುರುಬಣ್ಣ ತೆಗೆಯುವ ಅಸಿಟೋನ್ ತಾಗಿದರೆ ಕರಗಿ ಅಂಟಂಟಾಗುತ್ತದೆ. ಅಂಗಡಿಯ ದಿನನಿತ್ಯದ ತೊಳೆತಕ್ಕೆ ಬೇಡ.

ಮರದ್ದನ್ನೂ ಕೇಳುವವರಿದ್ದಾರೆ. ಸಾಗರ, ಸೊರಬದ ಗುಡಿಗಾರರು ಗಂಧದಲ್ಲಿ ದೇವರ ಮೂರ್ತಿ, ಪೆಟ್ಟಿಗೆ, ಹಾರಗಳ ಜೊತೆಗೆ ಬಾಚಣಿಗೆಯನ್ನೂ ಮಾಡುತ್ತಾರೆ. ಗಂಧವಿರಲಿ, ಬೀಟೆಯಿರಲಿ, ಬೇವಿರಲಿ, ನೋಡಬೇಕಾದದ್ದು ಒಂದೇ: ಮರದ ನಾರಿನ ಗೆರೆ ಬೆನ್ನಿನಿಂದ ಹಲ್ಲಿನ ತುದಿಯ ಕಡೆಗೆ ಓಡಬೇಕು. ಗೆರೆ ಅಡ್ಡಡ್ಡ ಓಡಿದ್ದರೆ ಎಷ್ಟೇ ಚೆಂದದ ಕೆತ್ತನೆ ಇರಲಿ, ಮೊದಲ ಸಿಕ್ಕಿಗೇ ಹಲ್ಲು ಬುಡದಲ್ಲಿ ಕಿತ್ತುಬರುತ್ತದೆ. ಸೌದೆ ಒಡೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರದ ಬಾಚಣಿಗೆಯನ್ನು ನೀರಿನಲ್ಲಿ ನೆನೆಹಾಕುವ ಹಾಗಿಲ್ಲ, ಉಬ್ಬಿ ಬಿರಿಯುತ್ತದೆ. ಆಷಾಢ ಶ್ರಾವಣದಲ್ಲಿ ಹಾಗೇ ಇಟ್ಟರೆ ಬಿಳಿ ಬೂಷ್ಟು ಹಿಡಿಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೊಳೆ ತೆಗೆದು, ಸೋಪುನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಮಳೆಗಾಲ ದಾಟುತ್ತದೆ. ಇಷ್ಟು ಉಪಚಾರ ಒಬ್ಬರೇ ಬಳಸುವ ಬಾಚಣಿಗೆಗೆ ಸರಿ. ಹತ್ತು ತಲೆಗೆ ಹೋಗುವ ಬಾಚಣಿಗೆ ಮರದ್ದಾಗಿರಬಾರದು, ಯಾಕೆಂದರೆ ಅದನ್ನು ಸೋಂಕುರಹಿತ ಮಾಡುವ ಸುಲಭ ದಾರಿ ಇಲ್ಲ.

ಎಮ್ಮೆ ಕೊಂಬಿನದೂ ಹೀಗೇ. ಕೊಂಬು ಮತ್ತು ಕೂದಲು ಎರಡೂ ಕೆರಾಟಿನ್ ಎಂಬ ಒಂದೇ ವಸ್ತು, ಹಾಗಾಗಿ ಜಾರಿಕೆ ಚೆನ್ನಾಗಿರುತ್ತದೆ, ಆದರೆ ಬಿಸಿನೀರು ಆಗದು. ಕಡವೆ, ಜಿಂಕೆ ಕೊಂಬಿನದೆಂದು ಯಾರಾದರೂ ಮಾರಲು ತಂದರೆ ಮುಟ್ಟಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಇನ್ನು ತೊಳೆಯುವುದು. ಅಂಗಡಿಯ ಬಾಚಣಿಗೆಯಿಂದ ಎರಡು ಭಯ: ಹೇನು ಮತ್ತು ತಲೆಯ ಹುಳುಕಡ್ಡಿ. ಹೇನು ತಲೆ ಬಿಟ್ಟರೆ ರಕ್ತ ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತದೆ. ಹುಳುಕಡ್ಡಿಯ ಶಿಲೀಂಧ್ರ ಹಾಗಲ್ಲ, ಬಾಚಣಿಗೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಶಾಲೆ ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಉದುರಿ ಹೊಟ್ಟು ಎದ್ದಿದ್ದರೆ ಆ ಮಗುವಿಗೆ ಬಳಸಿದ ಬಾಚಣಿಗೆಯನ್ನು ಬೇರೆಯೇ ಇಡಿ, ವೈದ್ಯರಿಗೆ ತೋರಿಸಲು ತಾಯಿಗೆ ಹೇಳಿ. ಅದಕ್ಕೆ ಬರೀ ಮುಲಾಮು ಸಾಲದು, ಹೊಟ್ಟೆಗೂ ಮಾತ್ರೆ ಬೇಕಾಗುತ್ತದೆ.

ಕ್ರಮ ಹೀಗಿರಲಿ. ಮೊದಲು ಹಲ್ಲಿನ ನಡುವಿನ ಕೂದಲು, ಎಣ್ಣೆಜಿಡ್ಡನ್ನು ಸೋಪುನೀರು, ಬ್ರಷ್ಷಿನಿಂದ ಪೂರ್ತಿ ತೆಗೆಯಬೇಕು. ಈ ಹಂತ ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಜಿಡ್ಡಿನ ಅಡಿಯಲ್ಲಿರುವುದಕ್ಕೆ ಔಷಧ ತಾಗುವುದೇ ಇಲ್ಲ, ಬ್ಲೀಚಿನ ಶಕ್ತಿಯೂ ಕೊಳೆಯ ಮೇಲೇ ಖರ್ಚಾಗಿ ಹೋಗುತ್ತದೆ. ಹೇನಿಗೆ ಬಿಸಿನೀರು ಸಾಕು: 54 ಡಿಗ್ರಿಗಿಂತ ಹೆಚ್ಚು ಬಿಸಿ, 5ರಿಂದ 10 ನಿಮಿಷ. ಥರ್ಮಾಮೀಟರ್ ಇಲ್ಲದಿದ್ದರೆ ಕುದಿಯುವ ನೀರು ಒಂದು ಚೊಂಬು, ನಲ್ಲಿ ನೀರು ಒಂದು ಚೊಂಬು ಬೆರೆಸಿ. 60ರ ಆಸುಪಾಸು ಬರುತ್ತದೆ. ಬಾಚಣಿಗೆ ಹಾಕಿ ತಟ್ಟೆ ಮುಚ್ಚಿಡಿ, ಇಲ್ಲದಿದ್ದರೆ ನಮ್ಮ ಚಳಿಗೆ ಐದೇ ನಿಮಿಷದಲ್ಲಿ ಆರಿಬಿಡುತ್ತದೆ. ನೈಲಾನ್, ಪಾಲಿಪ್ರೊಪಿಲೀನ್ ಎರಡೂ ಇದನ್ನು ತಡೆಯುತ್ತವೆ. ಹುಳುಕಡ್ಡಿಗೆ ಬ್ಲೀಚ್ ಬೇಕು. ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 1 ಪಾಲು, ನೀರು 9 ಪಾಲು, 10 ನಿಮಿಷ ಮುಳುಗಿಸಿ, ಚೆನ್ನಾಗಿ ತೊಳೆದು ಒಣಗಿಸಿ. ಬೆರೆಸಿದ್ದನ್ನು ಮರುದಿನಕ್ಕೆ ಉಳಿಸಬೇಡಿ, ಬಲ ಇಳಿದಿರುತ್ತದೆ. ಕತ್ತರಿ, ಮೆಷಿನ್ ಬ್ಲೇಡನ್ನು ಅದಕ್ಕೆ ಹಾಕಬೇಡಿ, ತುಕ್ಕು ಹಿಡಿಯುತ್ತದೆ. ಕಕ್ಕಸು ತೊಳೆಯುವ ಆಸಿಡ್ ಜೊತೆ ಬ್ಲೀಚ್ ಎಂದೂ ಸೇರಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಮಳೆಗಾಲದ ಸಣ್ಣ ಅಂಗಡಿಯಲ್ಲಿ ಅದು ಪ್ರಾಣಕ್ಕೇ ಅಪಾಯ. ಹತ್ತು ನಿಮಿಷ ಒಂದು ನೆನೆಯುವಾಗ ಇನ್ನೊಂದು ಕೈಯಲ್ಲಿರಬೇಕು, ಆದ್ದರಿಂದ ಕುರ್ಚಿಗೆ ಕನಿಷ್ಠ ಮೂರು ಬಾಚಣಿಗೆ ಇಟ್ಟುಕೊಳ್ಳಿ.

ಮಳೆಯಲ್ಲಿ ನೆನೆದು ಬಂದವರ ತಲೆಗೆ ಒತ್ತು ಹಲ್ಲು ಹಾಕಬೇಡಿ. ಒದ್ದೆ ಕೂದಲು ಒಣ ಕೂದಲಿಗಿಂತ ಹೆಚ್ಚು ಹಿಗ್ಗುತ್ತದೆ, ಹಿಗ್ಗಿದ ಸ್ಥಿತಿಯಲ್ಲೇ ತುಂಡಾಗುತ್ತದೆ. ಬಿಡಿ ಹಲ್ಲಿನಲ್ಲಿ ತುದಿಯಿಂದ ಬಿಡಿಸುತ್ತ ಬುಡಕ್ಕೆ ಬನ್ನಿ. ಕೊಂಡು ಹೋಗುವವರಿಗೆ ಇನ್ನೊಂದು ಮಾತು ಹೇಳಿ ಕೊಡಿ: ಪ್ಯಾಂಟಿನ ಹಿಂದಿನ ಜೇಬು ಬೇಡ, ಅಂಗಿ ಜೇಬಿರಲಿ. ಬಸ್ಸಿನಲ್ಲಿ ಕೂತಾಗ ಬೆನ್ನು ಬಾಗಿ, ಒತ್ತು ಹಲ್ಲು ಶುರುವಾಗುವ ಜಾಗದಲ್ಲಿ ಬಿರುಕು ಬಿಡುತ್ತದೆ.

ಬಿಡಿ ಹಲ್ಲು ಒಂದು ಕಡೆ, ಒತ್ತು ಹಲ್ಲು ಇನ್ನೊಂದು ಕಡೆ ಎಂಬ ಈ ಕಲ್ಪನೆ ಎಷ್ಟು ಹಳೆಯದೆಂದರೆ, ಇಸ್ರೇಲಿನ ಲಾಕೀಶ್ ಎಂಬಲ್ಲಿ ಅಗೆದಾಗ ಸಿಕ್ಕ ದಂತದ ಬಾಚಣಿಗೆಯೂ ಹೀಗೇ ಇದೆ. ಮೂರೂವರೆ ಸೆಂಟಿಮೀಟರ್ ಉದ್ದದ ತುಂಡು. ಒಂದು ಬದಿಗೆ 6 ದಪ್ಪ ಹಲ್ಲು ಸಿಕ್ಕು ಬಿಡಿಸಲು, ಇನ್ನೊಂದು ಬದಿಗೆ 14 ಸಣ್ಣ ಹಲ್ಲು ಹೇನು ತೆಗೆಯಲು, ನಮ್ಮ ಸೀರಣಿಗೆಯ ಹಾಗೆ. ಅದರ ಮೇಲೆ 17 ಅಕ್ಷರ ಕೊರೆದಿದೆ. ತಲೆಗೂದಲ, ಗಡ್ಡದ ಹೇನನ್ನು ಈ ದಂತ ಕಿತ್ತುಹಾಕಲಿ ಎಂಬ ಹಾರೈಕೆ ಅದು. ಸುಮಾರು 3,700 ವರ್ಷದ್ದೆಂದು ಅಂದಾಜಿಸಿರುವ ಈ ಬರಹವನ್ನು 2022ರಲ್ಲಿ ಪ್ರಕಟಿಸಿದರು. ಯಾರದೋ ಜೇಬಿನ ವಸ್ತುವಿನ ಮೇಲಿನ ಒಂದು ಸಾಲು ಅಷ್ಟು ಕಾಲ ಉಳಿದಿದೆ. ಇಮೇಲ್‌ಗೆ ಆ ಭಾಗ್ಯವಿಲ್ಲ. ಯಾರಾದರೂ ಬೇಕೆಂದೇ ಉಳಿಸಿದರೆ ಮಾತ್ರ ಅದು ಉಳಿಯುತ್ತದೆ. ಕ್ಲಿಂಟನ್ ಅವರ ವಿಷಯದ ತಿರುಳೂ ಅದೇ.

ಹಿಲರಿ ಕ್ಲಿಂಟನ್ 2009ರ ಜನವರಿಯಿಂದ 2013ರ ಫೆಬ್ರುವರಿ 1ರವರೆಗೆ ಅಮೆರಿಕದ ವಿದೇಶಾಂಗ ಸಚಿವೆ. ಆ ನಾಲ್ಕು ವರ್ಷ ಅವರು ಸರ್ಕಾರದ ಇಮೇಲ್ ವಿಳಾಸ ಬಳಸಲೇ ಇಲ್ಲ. ಅವರದು ನಿಮ್ಮದರ ಹಾಗೆ ಜಿಮೇಲೂ ಅಲ್ಲ. ಸ್ವಂತ ಹೆಸರಿನ ಡೊಮೈನ್ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಇಟ್ಟುಕೊಂಡು, ನ್ಯೂಯಾರ್ಕ್ ರಾಜ್ಯದ ಚಪಾಕ್ವಾ ಊರಿನ ಮನೆಯಲ್ಲಿದ್ದ ಸರ್ವರಿನಿಂದ, ಅಂದರೆ ಇಮೇಲ್ ಕೂಡಿಟ್ಟು ಕಳಿಸುವ ಕಂಪ್ಯೂಟರಿನಿಂದ, ಪತ್ರವ್ಯವಹಾರ ನಡೆಸಿದರು. ವಿಷಯ ಪತ್ರಿಕೆಗೆ ಬಂದದ್ದು 2015ರ ಮಾರ್ಚ್ 2ರಂದು. ಎಂಟು ದಿನದ ಮೇಲೆ ಸುದ್ದಿಗೋಷ್ಠಿಯಲ್ಲಿ ಅವರು ಕೊಟ್ಟ ಕಾರಣ ಅನುಕೂಲ: ಎರಡರ ಬದಲು ಒಂದೇ ಸಾಧನ ಹಿಡಿದು ಓಡಾಡುವುದು ಸುಲಭ ಅನ್ನಿಸಿತು ಎಂದು. ಅವರ ಎರಡು ಫೋನ್ ನಂಬರುಗಳಿಗೆ ಸೇರಿದ, ಇಮೇಲಿಗೆ ಬಳಸಿರಬಹುದಾದ 13 ಮೊಬೈಲ್ ಸಾಧನಗಳನ್ನು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಆಮೇಲೆ ಗುರುತಿಸಿತು.

ಕದ್ದ ಇಮೇಲ್ ಬೇರೆಯೇ ಕಥೆ, ಇವೆರಡನ್ನು ಕಲಸಬಾರದು. 2016ರ ಜುಲೈನಲ್ಲಿ, ಗುಟ್ಟಿನ ಕಡತಗಳನ್ನು ಬಯಲು ಮಾಡುವ ವಿಕಿಲೀಕ್ಸ್ ಜಾಲತಾಣ ಹೊರಗೆ ಹಾಕಿದ್ದು ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಇಮೇಲ್. ಅಕ್ಟೋಬರಿನಲ್ಲಿ ಹಾಕಿದ್ದು, ಆ ವರ್ಷದ ಅಧ್ಯಕ್ಷ ಚುನಾವಣೆಗೆ ಆ ಪಕ್ಷದಿಂದ ನಿಂತಿದ್ದ ಕ್ಲಿಂಟನ್ ಅವರ ಪ್ರಚಾರ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರ ಜಿಮೇಲ್ ಖಾತೆಯದು. ಇವುಗಳಿಗಾಗಿ 2018ರ ಜುಲೈನಲ್ಲಿ ರಷ್ಯಾದ ಸೇನಾ ಗುಪ್ತಚರ ದಳದ 12 ಅಧಿಕಾರಿಗಳ ಮೇಲೆ ಅಮೆರಿಕ ಆರೋಪಪಟ್ಟಿ ಹಾಕಿತು. ಚಪಾಕ್ವಾದ ಸರ್ವರಿಗೆ ಯಾರಾದರೂ ನುಗ್ಗಿದ್ದಕ್ಕೆ ನೇರ ಸಾಕ್ಷ್ಯ ಸಿಗಲಿಲ್ಲ, ಆದರೆ ನುಗ್ಗಿರುವ ಸಾಧ್ಯತೆ ಇದೆ ಎಂದು ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಹೇಳಿದರು. ನಿಮ್ಮ ಅಂಗಡಿಯ ಮೊದಲ ವಾದಿ ಹೇಳಿದ್ದು ನಡೆದದ್ದು ಹೌದು, ಆದರೆ ಅದು ಈ ವಿವಾದವಲ್ಲ.

ಹಾಗಾದರೆ ತಪ್ಪೇನು? ಸುದ್ದಿಯಲ್ಲಿ ಹೆಚ್ಚು ಓಡಿದ್ದು ರಹಸ್ಯ ಮಾಹಿತಿಯ ಪ್ರಶ್ನೆ. 2016ರ ಜುಲೈ 5ರಂದು ಕೋಮಿ ಕೊಟ್ಟ ಲೆಕ್ಕದ ಪ್ರಕಾರ, ಒಪ್ಪಿಸಿದ ಸುಮಾರು 30,000 ಇಮೇಲ್‌ಗಳಲ್ಲಿ 52 ಸರಣಿಗಳಿಗೆ (ಒಂದಕ್ಕೊಂದು ಉತ್ತರವಾಗಿ ಹೋದ ಇಮೇಲ್ ಸಾಲುಗಳಿಗೆ) ಸೇರಿದ 110ರಲ್ಲಿ ಕಳಿಸುವ ಹೊತ್ತಿಗೇ ರಹಸ್ಯವಾಗಿದ್ದ ಮಾಹಿತಿ ಇತ್ತು. ಅವುಗಳಲ್ಲಿ 8 ಸರಣಿ ಅತಿ ರಹಸ್ಯ ದರ್ಜೆಯವು. ಅತೀವ ಅಜಾಗರೂಕತೆ ಎಂದರು, ಮೊಕದ್ದಮೆಗೆ ಶಿಫಾರಸು ಮಾಡಲಿಲ್ಲ. ಚುನಾವಣೆಗೆ 11 ದಿನ ಇರುವಾಗ, ಅಕ್ಟೋಬರ್ 28ರಂದು, ಬೇರೊಂದು ತನಿಖೆಯಲ್ಲಿ ಸಿಕ್ಕ ಲ್ಯಾಪ್‌ಟಾಪಿನಿಂದಾಗಿ ಮತ್ತೆ ಪರಿಶೀಲನೆ ಎಂದು ಸಂಸತ್ತಿಗೆ ಬರೆದರು. ನವೆಂಬರ್ 6ರಂದು ಹಿಂದಿನ ತೀರ್ಮಾನವೇ ನಿಂತಿದೆ ಎಂದರು. 8ರಂದು ಮತದಾನ ಆಯಿತು.

ನಿಮಗೆ ಬೇಕಾದ ಪಾಠ ಮಾತ್ರ ಇದರಲ್ಲಿಲ್ಲ, ಯಾಕೆಂದರೆ ಪಂಚಾಯಿತಿ ಸದಸ್ಯರ ಕೈಗೆ ದೇಶದ ರಹಸ್ಯ ಬರುವುದಿಲ್ಲ. ಅದು ಇರುವುದು ಎರಡು ಸಣ್ಣ ಸಂಗತಿಗಳಲ್ಲಿ. ಒಂದು: 2012ರ ಡಿಸೆಂಬರಿನಲ್ಲಿ ಒಂದು ನಾಗರಿಕ ಸಂಸ್ಥೆ, ಸಚಿವರು ಬಳಸುವ ಇಮೇಲ್ ಖಾತೆಗಳ ವಿವರ ಕೊಡಿ ಎಂದು ಅಲ್ಲಿನ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿತು. ಇಲಾಖೆ ಹುಡುಕಿ, 2013ರ ಮೇನಲ್ಲಿ 'ಅಂಥ ದಾಖಲೆ ಇಲ್ಲ' ಎಂದು ಉತ್ತರ ಕೊಟ್ಟಿತು. ಎರಡು: 2014ರಲ್ಲಿ ಇಲಾಖೆ ಕೇಳಿದ ಮೇಲೆ, ಅಧಿಕಾರ ಬಿಟ್ಟು 22 ತಿಂಗಳಿಗೆ, ಒಟ್ಟು 62,320 ಇಮೇಲ್‌ಗಳಲ್ಲಿ 30,490ನ್ನು ಕಚೇರಿಯದೆಂದು ಒಪ್ಪಿಸಿದರು. ಉಳಿದವು ಸ್ವಂತದ್ದೆಂದು ತೀರ್ಮಾನವಾಯಿತು. ಬೇರ್ಪಡಿಸಿದವರು ಯಾರು? ಅವರದೇ ವಕೀಲರು. ಹೇಗೆ? ಒಂದೊಂದನ್ನೂ ಓದಿ ಅಲ್ಲ, ತಲೆಬರಹ ಮತ್ತು ಹುಡುಕುಪದ ಹಾಕಿ. ಆಮೇಲೆ ಎಫ್‌ಬಿಐಗೆ ಬೇರೆ ಕಡೆಗಳಿಂದ ಕೆಲವು ಸಾವಿರ ಕಚೇರಿ ಇಮೇಲ್ ಸಿಕ್ಕವು, ಒಪ್ಪಿಸಿದ ಕಟ್ಟಿನಲ್ಲಿ ಅವು ಇರಲಿಲ್ಲ. ಸ್ವಂತದ್ದೆಂದು ಬೇರ್ಪಡಿಸಿದವನ್ನು ಅಳಿಸುವ ಕೆಲಸವನ್ನು ಸರ್ವರ್ ನೋಡಿಕೊಳ್ಳುವವರು 2014ರ ಡಿಸೆಂಬರಿನಲ್ಲೇ ಮಾಡಬೇಕಿತ್ತು, ಮರೆತರು. 2015ರ ಮಾರ್ಚ್ ಕೊನೆಗೆ ನೆನಪಾಗಿ ಅಳಿಸಿದರು. ಅಷ್ಟರಲ್ಲಿ ಮಾರ್ಚ್ 4ಕ್ಕೇ ಸಂಸತ್ತಿನ ಸಮಿತಿಯ ಸಮನ್ಸ್ ಬಂದಿತ್ತು. ದುರುದ್ದೇಶ ಇತ್ತೋ ಇಲ್ಲವೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಪತ್ರ ಇಲಾಖೆಯ ಪೆಟ್ಟಿಗೆಯಲ್ಲಿದ್ದಿದ್ದರೆ ಆ ಜಗಳ ಹುಟ್ಟುತ್ತಲೇ ಇರಲಿಲ್ಲ.

ಇದು ಒಂದು ಪಕ್ಷದ ಚಾಳಿಯೂ ಅಲ್ಲ. ಅವರಿಗಿಂತ ಮುಂಚೆ ಅದೇ ಹುದ್ದೆಯಲ್ಲಿದ್ದ ಕಾಲಿನ್ ಪೊವೆಲ್ ಸ್ವಂತ ಖಾತೆ ಬಳಸಿದ್ದರು. ಇಂಡಿಯಾನಾದ ಗವರ್ನರ್ ಆಗಿದ್ದ ಮೈಕ್ ಪೆನ್ಸ್ ಸ್ವಂತ ಎಒಎಲ್ ಖಾತೆಯಲ್ಲಿ ಸರ್ಕಾರಿ ಕೆಲಸ ನಡೆಸಿದ್ದರು, ಆ ಖಾತೆ ಕಳ್ಳರ ಪಾಲೂ ಆಗಿತ್ತು. 2014ರ ಕೊನೆಯಲ್ಲಿ ಅಮೆರಿಕ ಕಾನೂನು ತಿದ್ದಿತು: ಸ್ವಂತ ಖಾತೆಯಿಂದ ಕಚೇರಿ ಇಮೇಲ್ ಕಳಿಸಿದರೆ ಆಗಲೇ ಕಚೇರಿ ಖಾತೆಗೂ ಪ್ರತಿ ಹೋಗಬೇಕು, ಇಲ್ಲವೇ 20 ದಿನದೊಳಗೆ ಕಳಿಸಬೇಕು. ಈ ಒಂದು ನಿಯಮವನ್ನು ನೀವು ಇವತ್ತೇ ನಿಮ್ಮದಾಗಿ ಮಾಡಿಕೊಳ್ಳಿ.

ಈಗ ನಿಮ್ಮ ಮೂರನೆಯ ಪ್ರಶ್ನೆ. ಸ್ವಂತ ಜಿಮೇಲಿನಿಂದ ಪಿಡಿಒಗೆ ಬರೆದದ್ದೇ ಅಪರಾಧವಲ್ಲ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಎಫ್) 'ಮಾಹಿತಿ' ಎಂದರೆ ಏನೆಂದು ಪಟ್ಟಿ ಕೊಡುವಾಗ ಇಮೇಲನ್ನು ಹೆಸರು ಹಿಡಿದೇ ಸೇರಿಸಿದೆ. ಗ್ರಾಮ ಪಂಚಾಯಿತಿ ಆ ಕಾಯ್ದೆಯಡಿ ಬರುವ ಪ್ರಾಧಿಕಾರ. ಕಾಲುಸಂಕದ ದುರಸ್ತಿ ಯಾಕೆ ತಡವಾಯಿತು, ಯಾರು ಯಾವಾಗ ಬರೆದರು ಎಂದು ನಿಮ್ಮ ವಾರ್ಡಿನವರೇ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಹೋಗಬೇಕು. ನೀವು ಬರೆದದ್ದು, ಎಂಜಿನಿಯರ್ ನಿಮಗೆ ಉತ್ತರಿಸಿದ್ದು ನಿಮ್ಮ ಖಾತೆಯಲ್ಲಷ್ಟೇ ಇದ್ದರೆ ಪಿಡಿಒ 'ದಾಖಲೆ ಲಭ್ಯವಿಲ್ಲ' ಎಂದು ಬರೆಯುತ್ತಾರೆ, ಆ ಅಮೆರಿಕದ ಇಲಾಖೆ ಬರೆದ ಹಾಗೆಯೇ. ಅರ್ಜಿದಾರರು ಮೇಲ್ಮನವಿಗೆ ಹೋದರೆ ಸೆಕ್ಷನ್ 20ರಡಿ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳುವುದು ಮಾಹಿತಿ ಅಧಿಕಾರಿಗೆ. ನಿಮ್ಮ ಅನುಕೂಲಕ್ಕೆ ಇನ್ನೊಬ್ಬರ ಸಂಬಳದಿಂದ ದುಡ್ಡು ಹೋಗುವ ಸಂದರ್ಭ ಅದು. ಎಲ್ಲಕ್ಕಿಂತ, ಸಂಕ ಕೊಚ್ಚಿಹೋಗುವ ಮೊದಲೇ ನೀವು ಎಚ್ಚರಿಸಿದ್ದಿರಿ ಎಂಬುದಕ್ಕೆ ಕಚೇರಿಯಲ್ಲಿ ಗುರುತೇ ಇರುವುದಿಲ್ಲ. ಊರಿನ ಸೊಸೈಟಿಯ ನಿರ್ದೇಶಕರೂ ನಿಮ್ಮ ಅಂಗಡಿಗೆ ಬರುತ್ತಾರಾದರೆ ಅವರಿಗೆ ಇಷ್ಟು ಹೇಳಿ: ಸಹಕಾರ ಸಂಘಗಳು ಸಾಮಾನ್ಯವಾಗಿ ಈ ಕಾಯ್ದೆಯ ನೇರ ವ್ಯಾಪ್ತಿಗೆ ಬರುವುದಿಲ್ಲವೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಪತ್ರ ಸಂಘದ್ದೇ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಪಂಚಾಯಿತಿಯ ಅಧಿಕೃತ ಇಮೇಲ್ ವಿಳಾಸ ಯಾವುದೆಂದು ಪಿಡಿಒ ಅವರನ್ನು ಕೇಳಿ ಬರೆದುಕೊಳ್ಳಿ. ಇನ್ನು ಮುಂದೆ ಪಂಚಾಯಿತಿಗೆ ಸಂಬಂಧಿಸಿ ಯಾರಿಗೇ ಬರೆದರೂ, ತಾಲ್ಲೂಕು ಪಂಚಾಯಿತಿಗಿರಲಿ, ಮೆಸ್ಕಾಂನವರಿಗಿರಲಿ, ಪ್ರತಿ ಹೋಗುವ ಸಿಸಿ ಜಾಗದಲ್ಲಿ ಆ ವಿಳಾಸ ಇರಲಿ. ವಿಷಯದ ಸಾಲಿನಲ್ಲಿ 'ಮಾನ್ಯರೇ' ಎಂದೋ 'ಅರ್ಜೆಂಟ್' ಎಂದೋ ಬರೆಯಬೇಡಿ. 'ವಾರ್ಡ್ 3, ಹಳ್ಳದ ಕಾಲುಸಂಕ ದುರಸ್ತಿ, ಜುಲೈ 12' ಎಂದು ಬರೆಯಿರಿ. ಎರಡು ವರ್ಷದ ಮೇಲೆ ಹುಡುಕುವವರಿಗೆ ಸಿಗುವುದು ಆ ಸಾಲು. ಕಚೇರಿಯಲ್ಲಿ ಅದನ್ನು ಆವಕ ರಿಜಿಸ್ಟರಿಗೆ ಏರಿಸಿ ನಂಬರ್ ಕೊಡಲು ಹೇಳಿ, ಆ ನಂಬರನ್ನು ನಿಮ್ಮ ಡೈರಿಯಲ್ಲಿ ಬರೆದಿಡಿ. ಸಂಕದ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಸುಮ್ಮನೆ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ದಿನ ಮತ್ತು ಜಾಗದ ವಿವರ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಇಮೇಲಿಗೆ ಲಗತ್ತಿಸಿ. ಪಂಚಾಯಿತಿ ಗುಂಪಿನಲ್ಲಿ ಮೆಸೇಜ್ ತಾನಾಗಿ ಅಳಿಯುವ ಸೆಟ್ಟಿಂಗ್ ಹಾಕಿದ್ದರೆ ತೆಗೆಸಿ.

ಹಳೆಯ ಇಮೇಲ್‌ಗಳೇ ಸ್ವಲ್ಪ ತಾಳ್ಮೆ ಬೇಡುವ ಕೆಲಸ. ಸ್ಕ್ರೀನ್‌ಶಾಟ್ ಹೊಡೆದು ಕೊಡಬೇಡಿ. ಎಲೆಕ್ಟ್ರಾನಿಕ್ ದಾಖಲೆಯನ್ನು ಹೇಗೆ ಕಾಪಿಡಬೇಕೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 7 ಹೇಳುತ್ತದೆ: ಹುಟ್ಟಿದ ರೂಪದಲ್ಲೇ ಅಥವಾ ಅದನ್ನು ನಿಖರವಾಗಿ ತೋರುವ ರೂಪದಲ್ಲಿ ಇರಬೇಕು, ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು, ಯಾವ ದಿನ ಯಾವ ಹೊತ್ತು ಎಂಬ ವಿವರವೂ ಇರಬೇಕು. ಸಾಮಾನ್ಯ ಫಾರ್ವರ್ಡ್‌ನಲ್ಲಿ ಮೂಲದ ಒಳವಿವರ ಉದುರಿಹೋಗುತ್ತದೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಹುಡುಕು ಪಟ್ಟಿಯಲ್ಲಿ ಪಿಡಿಒ, ಎಂಜಿನಿಯರ್, ತಾಲ್ಲೂಕು ಪಂಚಾಯಿತಿಯ ವಿಳಾಸಗಳನ್ನು ಒಂದೊಂದಾಗಿ ಹಾಕಿ. ಬಂದದ್ದಕ್ಕೆಲ್ಲ 'ಪಂಚಾಯಿತಿ' ಎಂಬ ಲೇಬಲ್ ಹಚ್ಚಿ. ವಿಳಾಸ ಮಾತ್ರ ನಂಬಬೇಡಿ, ಕಾಲುಸಂಕ, ಕುಡಿಯುವ ನೀರು, ಮನೆ ಮಂಜೂರಾತಿ ಎಂಬ ಪದ ಹಾಕಿಯೂ ಹುಡುಕಿ, ಅನುಮಾನ ಬಂದದ್ದನ್ನು ತೆರೆದು ಓದಿ. ಕ್ಲಿಂಟನ್ ಅವರ ವಕೀಲರ ಕಣ್ತಪ್ಪಿ ಕೆಲವು ಇಮೇಲ್ ಹೊರಗುಳಿದಿರಬಹುದಾದದ್ದು ಈ ಹಂತದಲ್ಲೇ. ಆಮೇಲೆ ತಿಂಗಳ ಲೆಕ್ಕದಲ್ಲಿ ಆರಿಸಿ, ಮೂರು ಚುಕ್ಕಿಯ ಮೆನುವಿನಲ್ಲಿ 'ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್' ಒತ್ತಿ ಕಚೇರಿಗೆ ಕಳಿಸಿ. ಒಂದು ಸಲಕ್ಕೆ 25 ಎಂಬಿ ಮಿತಿ ಇದೆ. ಫೋಟೊ ತುಂಬಿ ಅದು ಮೀರಿದರೆ, ಖಾತೆಯಲ್ಲಿರುವುದನ್ನು ಇಳಿಸಿಕೊಡುವ ಗೂಗಲ್ ಟೇಕ್‌ಔಟ್‌ನಲ್ಲಿ ಆ ಲೇಬಲ್ ಒಂದನ್ನೇ ಆರಿಸಿ ಎಂಬಾಕ್ಸ್ (ಹಲವು ಇಮೇಲ್ ಒಟ್ಟಿಗೆ ಕಟ್ಟಿಡುವ) ಕಡತವಾಗಿ ಇಳಿಸಿಕೊಳ್ಳಬಹುದು. ಕಚೇರಿಯವರು ಮುಟ್ಟಿದೆ ಎಂದು ಬರೆದು ಕೊಡುವವರೆಗೆ ನಿಮ್ಮ ಕಡೆ ಏನನ್ನೂ ಅಳಿಸಬೇಡಿ. ಕಸದ ಬುಟ್ಟಿಗೆ ಹೋದದ್ದು 30 ದಿನಕ್ಕೆ ಪೂರ್ತಿ ಹೋಗುತ್ತದೆ.

ಪಂಚಾಯಿತಿಯ ವಿಳಾಸವೇ ಜಿಮೇಲ್ ಆಗಿದ್ದರೆ ಇನ್ನೊಂದು ತೊಡಕಿದೆ. ಖಾತೆ ತೆರೆದ ದಿನ ಯಾರ ಮೊಬೈಲ್ ನಂಬರ್ ಕೊಟ್ಟಿದ್ದರೋ ಅವರೇ ಅದರ ಒಡೆಯರು. ಅವರಿಗೆ ವರ್ಗವಾದರೆ ಪಾಸ್‌ವರ್ಡೂ ಅವರ ಜೊತೆ ಬಸ್ ಹತ್ತುತ್ತದೆ. ಹೊಸಬರು ಇನ್ನೊಂದು ಖಾತೆ ತೆರೆಯುತ್ತಾರೆ, ಹಳೆಯದು ಹಾಗೇ ಬೀಳುತ್ತದೆ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಮರುಪಡೆಯುವ ನಂಬರ್ ಕಚೇರಿಯ ಸಿಮ್‌ನದಾಗಿರಲಿ, ಪಾಸ್‌ವರ್ಡ್ ಬದಲಾವಣೆ ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಒಂದು ಸಾಲಾಗಿರಲಿ ಎಂದು ಸಾಮಾನ್ಯ ಸಭೆಯಲ್ಲಿ ನೀವೇ ಸೂಚಿಸಿ ನಡಾವಳಿಗೆ ಸೇರಿಸಿ. ಎರಡು ಹಂತದ ಪರಿಶೀಲನೆಯೂ ಇರಲಿ, ಅಂದರೆ ಪಾಸ್‌ವರ್ಡಿನ ಜೊತೆಗೆ ಫೋನಿನಲ್ಲೂ ಒಪ್ಪಿಗೆ ಕೇಳುವ ವ್ಯವಸ್ಥೆ. ಪೊಡೆಸ್ಟಾ ಖಾತೆ ಹೋದದ್ದು 2016ರ ಮಾರ್ಚಿನಲ್ಲಿ ಬಂದ ಒಂದೇ ಒಂದು ಸುಳ್ಳು ಇಮೇಲಿನಿಂದ, 'ಪಾಸ್‌ವರ್ಡ್ ಕೂಡಲೇ ಬದಲಿಸಿ' ಎಂಬ ಕೊಂಡಿ ಅದರಲ್ಲಿತ್ತು. ಅಂಥ ಇಮೇಲ್ ಬಂದರೆ ಕೊಂಡಿ ಒತ್ತದೆ, ವಿಳಾಸವನ್ನು ನೀವೇ ಟೈಪ್ ಮಾಡಿ ಖಾತೆಗೆ ಹೋಗಿ ನೋಡಿ.

ನಿಮ್ಮ ಅವಧಿ ಮುಗಿಯುವ ತನಕ ಕಾಯಬೇಡಿ. ಕೊನೆಯ ಸಾಮಾನ್ಯ ಸಭೆಗೆ ಒಂದು ತಿಂಗಳು ಮೊದಲೇ ಉಳಿದದ್ದನ್ನು ಪೆನ್‌ಡ್ರೈವಿಗೆ ಹಾಕಿ. ತಾರೀಖು, ವಿಷಯ, ಯಾರಿಂದ, ಯಾರಿಗೆ ಎಂಬ ನಾಲ್ಕು ಕಲಮಿನ ಪಟ್ಟಿ ಎರಡು ಪ್ರತಿ ಮಾಡಿ. ಒಂದು ಪಂಚಾಯಿತಿಗೆ, ಇನ್ನೊಂದು ಪಿಡಿಒ ಸಹಿ ಮತ್ತು ಮೊಹರಿನೊಂದಿಗೆ ನಿಮಗೆ.